ಮಳೆ ಕೈಕೊಟ್ಟಾಗ ನೀರಿನೊಳಗೆ ಆಗುವುದೇನು?

(ಉಪನ್ಯಾಸದ ಬರಹರೂಪ)

 

ಹವಾಮಾನ ಬದಲಾವಣೆ ಮತ್ತು ಕುಡಿಯುವ ನೀರು ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ನೀರಿನ ಕೊರತೆಯ ಮಾತಾಡುತ್ತಾರೆ. ಕೆರೆ ಬತ್ತಿತು, ಬೋರು ನಿಂತಿತು, ತೆಂಗು ಒಣಗಿತು ಎನ್ನುತ್ತಾರೆ. ಅದೆಲ್ಲ ನಿಜ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದೇ ವರ್ಷ ಬೇಲೂರು, ಹಳೇಬೀಡಿನ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ಕಡೆ ಜಗತ್ತಿನ ಗೌರವ, ಇನ್ನೊಂದು ಕಡೆ ಒಣಗಿದ ನೆಲ. ಆದರೆ ಇಂದು ನಾನು ನೀರು ಎಷ್ಟಿದೆ ಎಂಬುದಕ್ಕಿಂತ, ಉಳಿದಿರುವ ನೀರು ಎಂಥದ್ದು ಎಂಬುದರ ಬಗ್ಗೆ ಹೇಳಬೇಕೆಂದಿದ್ದೇನೆ.

ಅಡುಗೆ ಮನೆಯ ಲೆಕ್ಕ ತಾಯಂದಿರಿಗೆ ಗೊತ್ತು. ಸಾರಿಗೆ ಹದವಾಗಿ ಉಪ್ಪು ಹಾಕಿ ಒಲೆಯ ಮೇಲಿಟ್ಟು ಮರೆತರೆ ಏನಾಗುತ್ತದೆ? ನೀರು ಬತ್ತುತ್ತದೆ, ಉಪ್ಪು ಬತ್ತುವುದಿಲ್ಲ. ಒಂದು ಚಿಟಿಕೆಯನ್ನೂ ಹೆಚ್ಚು ಹಾಕದಿದ್ದರೂ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ. ನಮ್ಮ ಭೂಮಿ ಈಗ ಅಂಥ ಒಲೆಯ ಮೇಲಿದೆ. ನೆಲದ ಕಲ್ಲಿನಿಂದ ಬರುವುದು, ಹೊಲದ ಗೊಬ್ಬರದಿಂದ ಬರುವುದು, ಊರಿನ ಚರಂಡಿಯಿಂದ ಬರುವುದು ಯಾವುದೂ ಕಡಿಮೆಯಾಗಿಲ್ಲ. ಅವನ್ನೆಲ್ಲ ತೆಳುವಾಗಿಸುತ್ತಿದ್ದ ಮಳೆನೀರಿನ ಕ್ರಮ ಮಾತ್ರ ತಪ್ಪುತ್ತಿದೆ.

ಮೊದಲು ಅರಸೀಕೆರೆಯ ಕಡೆಯಿಂದ ಶುರು ಮಾಡೋಣ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಬೇಲೂರು, ಹಳೇಬೀಡು, ಜಾವಗಲ್ ದಾಟಿ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತಾ ಹೋಗಿ ಅರಸೀಕೆರೆಗೆ ಬರುವಾಗ 700 ಮಿಲಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ. ಊರಿಗೆ ಅರಸಿಯ ಕೆರೆ ಎಂಬ ಹೆಸರು ಬಂದದ್ದೇ ಇಲ್ಲಿ ಕೆರೆಯಿಲ್ಲದೆ ಬದುಕಿಲ್ಲ ಎಂಬುದಕ್ಕೆ ಸಾಕ್ಷಿ.

ಈ ತಾಲ್ಲೂಕಿನ ಅಂತರ್ಜಲಕ್ಕೆ ಇರುವ ಹಳೆಯ ಕಾಯಿಲೆ ಫ್ಲೋರೈಡ್. ಇದನ್ನು ಯಾವ ಕಾರ್ಖಾನೆಯೂ ತಂದು ಸುರಿದಿಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಕೆಲವು ಖನಿಜಗಳಲ್ಲಿಯೇ ಅದು ಅಡಗಿದೆ. ನೀರು ಕಲ್ಲಿನ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಮೇಲಿನ ಪದರದಲ್ಲಿ ವರ್ಷವರ್ಷವೂ ಮಳೆಯಿಂದ ಹೊಸದಾಗುವ ತೆರೆದ ಬಾವಿಯ ನೀರಿಗೆ ಕಲ್ಲಿನ ಸಹವಾಸ ಕಡಿಮೆ. ನೂರಾರು ಅಡಿ ಆಳದ ಬಿರುಕಿನಲ್ಲಿರುವ ನೀರು ಹಲವು ದಶಕಗಳಿಂದ ಅಲ್ಲೇ ಕೂತಿರಬಹುದು. ಬರಗಾಲದಲ್ಲಿ ನಾವು ಮಾಡುವುದೇನು? ತೆರೆದ ಬಾವಿ ಒಣಗಿತು ಎಂದು ಬೋರು ಕೊರೆಸುತ್ತೇವೆ, ಅದೂ ನಿಂತರೆ ಇನ್ನೂ ಆಳಕ್ಕೆ ಹೋಗುತ್ತೇವೆ. ತೆಂಗು ಉಳಿಸಿಕೊಳ್ಳಲು ರೈತ ಸಾಲ ಮಾಡಿ ಆಳಕ್ಕೆ ಹೋದಷ್ಟೂ, ಮನೆಯ ಬಿಂದಿಗೆಗೆ ಹಳೆಯ ನೀರು ಬರುತ್ತದೆ. ಹವಾಮಾನ ಬದಲಾವಣೆ ಕಲ್ಲಿಗೆ ಹೊಸ ವಿಷ ತುಂಬಿಲ್ಲ. ಹೊಸ ನೀರಿನಿಂದ ಹಳೆಯ ನೀರಿಗೆ ನಮ್ಮನ್ನು ತಳ್ಳುತ್ತಿದೆ, ಅಷ್ಟೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಆದರೆ ದೇಹಕ್ಕೆ ಎಷ್ಟು ಸೇರುತ್ತದೆ ಎಂಬುದು ನಾವು ಎಷ್ಟು ನೀರು ಕುಡಿಯುತ್ತೇವೆ ಎಂಬುದರ ಮೇಲೂ ನಿಂತಿದೆ. 1.5 ಮಿಲಿಗ್ರಾಂ ಇರುವ ನೀರನ್ನು ನೆರಳಿನಲ್ಲಿ ಕೂತು ದಿನಕ್ಕೆ ಎರಡು ಲೀಟರ್ ಕುಡಿದವರಿಗೆ 3 ಮಿಲಿಗ್ರಾಂ ಸೇರುತ್ತದೆ. ಅದೇ ನೀರನ್ನು ಏಪ್ರಿಲ್ ಬಿಸಿಲಿನಲ್ಲಿ ಕೆಲಸ ಮಾಡುತ್ತಾ ನಾಲ್ಕು ಲೀಟರ್ ಕುಡಿದ ಕೂಲಿಯವರಿಗೆ 6 ಮಿಲಿಗ್ರಾಂ. ನೀರು ಒಂದೇ, ಪಾಲು ಎರಡರಷ್ಟು. ಬಿಸಿಲು ಏರಿದಷ್ಟೂ ಮೈ ಬಗ್ಗಿಸಿ ದುಡಿಯುವವರ ಪಾಲು ಏರುತ್ತದೆ. ಕಾಯಕಕ್ಕೆ ಬೆಲೆ ಕೊಡುವ ನಮ್ಮಂಥವರು ಈ ಲೆಕ್ಕವನ್ನು ಮರೆಯಬಾರದು.

ಫ್ಲೋರೈಡ್ ಹೆಚ್ಚಾದರೆ ಮೊದಲು ಹಲ್ಲಿನ ಮೇಲೆ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ. ವರ್ಷಗಟ್ಟಲೆ ಕುಡಿದರೆ ಕೀಲು ಹಿಡಿಯುತ್ತದೆ, ಬೆನ್ನು ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಸುಮಾರು ಎಂಟು ವರ್ಷದೊಳಗೆ ಮಕ್ಕಳ ಬಹುತೇಕ ಶಾಶ್ವತ ಹಲ್ಲುಗಳ ಹೊರಕವಚ ದವಡೆಯೊಳಗೇ ರೂಪುಗೊಂಡಿರುತ್ತದೆ. ಆಗ ಬಿದ್ದ ಕಲೆ ಬ್ರಷ್ಷಿನಿಂದ ಹೋಗುವುದಿಲ್ಲ. ಆದ್ದರಿಂದ ನಾವು ಒಂದು ವರ್ಷ ತಡಮಾಡಿದರೆ ಊರಿನ ಒಂದು ತಲೆಮಾರಿನ ಮಕ್ಕಳಿಗೆ ಒಂದು ವರ್ಷದ ಹಾನಿ ಆಗಿಯೇ ಹೋಗುತ್ತದೆ. ಹಳ್ಳಿಗಳಲ್ಲಿ ಇಂಥ ಹಲ್ಲಿನ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಹಲ್ಲುಜ್ಜುವುದಿಲ್ಲ ಎಂದು ಕೆಲವರು ಹೀಗಳೆಯುತ್ತಾರೆ, ಹಿಂದಿನ ಜನ್ಮದ ಕರ್ಮ ಎಂದು ಕೆಲವರು ಹೇಳುತ್ತಾರೆ. ಎರಡೂ ಸುಳ್ಳು. ಇದು ಕಲ್ಲಿನ ಗುಣ, ನೀರಿನ ಗುಣ. ಕಾರಣ ಗೊತ್ತಿರುವ ಕಷ್ಟವನ್ನು ಕರ್ಮದ ಲೆಕ್ಕಕ್ಕೆ ಬರೆಯುವುದು ಶರಣರ ದಾರಿಯಲ್ಲ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ಬಿಡಬೇಕು.

ಒಂದು, ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ, ಸಾರಿನ ಉಪ್ಪಿನಂತೆ ಗಟ್ಟಿಯಾಗುತ್ತದೆ.

ಎರಡು, ಬೇಳೆ ಚೆನ್ನಾಗಿ ಬೇಯುವ, ಬಾಯಿಗೆ ಸವಿಯಾದ ನೀರು ಒಳ್ಳೆಯ ನೀರು ಎಂಬುದು. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಸುಣ್ಣ ಕಡಿಮೆಯಿರುವ ಮೆದು ನೀರಿನಲ್ಲೇ ಅನೇಕ ಸಲ ಫ್ಲೋರೈಡ್ ಹೆಚ್ಚಾಗಿ ಉಳಿಯುತ್ತದೆ. ನಾಲಿಗೆಗೆ ಇದು ತಿಳಿಯುವುದಿಲ್ಲ.

ಮೂರು, ಟಿಡಿಎಸ್ ಮೀಟರ್ ಕಡಿಮೆ ತೋರಿಸಿದರೆ ಸಾಕು ಎಂಬುದು. ಆ ಪುಟ್ಟ ಯಂತ್ರ ಒಟ್ಟು ಕರಗಿದ ಲವಣದ ಅಂದಾಜು ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಹೇಳುವುದಿಲ್ಲ. ಒಂದು ಮೂಟೆಯ ತೂಕ ನೋಡಿದ ಮಾತ್ರಕ್ಕೆ ಒಳಗಿರುವುದು ರಾಗಿಯೋ ಮರಳೋ ಎಂದು ಗೊತ್ತಾಗುತ್ತದೆಯೇ?

ಇನ್ನು ಬೇಲೂರಿನ ಕಡೆ ಬರೋಣ. ಅಲ್ಲಿ ಯಗಚಿ ಇದೆ, ಅಣೆಕಟ್ಟು ಇದೆ, ನಮಗೇನು ಚಿಂತೆ ಎಂದು ಬೇಲೂರಿನವರು ಅಂದುಕೊಳ್ಳಬಹುದು. ಅವರ ಚಿಂತೆ ಬೇರೆ ಬಗೆಯದು. ಯಗಚಿ ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಚಿಕ್ಕಮಗಳೂರು ಸೀಮೆ ದಾಟಿ ಬೇಲೂರಿಗೆ ಬಂದು ಮುಂದೆ ಹೇಮಾವತಿಯನ್ನು ಸೇರುವ ನದಿ. ದಾರಿಯುದ್ದಕ್ಕೂ ಪಟ್ಟಣದ ಬಚ್ಚಲು ನೀರಿದೆ, ಕಾಫಿ ತೋಟವಿದೆ, ಆಲೂಗಡ್ಡೆ, ಶುಂಠಿ, ಜೋಳದ ಹೊಲಗಳಿವೆ. ನದಿ ತುಂಬಿ ಹರಿಯುವಾಗ ಇವೆಲ್ಲ ತೆಳುವಾಗಿ ಸಾಗುತ್ತವೆ. ನದಿ ಸೊರಗಿದಾಗ ಚರಂಡಿ ಮಾತ್ರ ಸೊರಗುವುದಿಲ್ಲ, ಅದರ ಪಾಲು ದೊಡ್ಡದಾಗುತ್ತದೆ.

ಭೂಮಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಈಗಾಗಲೇ ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕಾ ಯುಗದ ಮೊದಲಿಗಿಂತ ಒಂದು ಡಿಗ್ರಿಗೂ ಹೆಚ್ಚಾಗಿದೆ. ಇದರಿಂದ ಮಳೆ ಸುರಿದರೆ ಒಮ್ಮೆಲೇ ಸುರಿಯುವ, ನಿಂತರೆ ವಾರಗಟ್ಟಲೆ ನಿಲ್ಲುವ ಸ್ವಭಾವ ಬಲವಾಗುತ್ತದೆ. ವರ್ಷದ ಮೊತ್ತ ಒಂದೇ ಇದ್ದರೂ ಇದು ಬೇರೆಯದೇ ಮಳೆ. ಸೋನೆ ಮಳೆ ನೆಲಕ್ಕೆ ಇಳಿಯುತ್ತದೆ, ಜಡಿಮಳೆ ನೆಲವನ್ನು ತೊಳೆದುಕೊಂಡು ಹೋಗುತ್ತದೆ.

ಹೊಲದಲ್ಲಿ ಏನಾಗುತ್ತದೆ ನೋಡಿ. ರೈತ ಮಳೆ ನಂಬಿ ಯೂರಿಯಾ ಹಾಕುತ್ತಾನೆ. ಮಳೆ ಹೋಗುತ್ತದೆ, ಪೈರು ಬಾಡುತ್ತದೆ, ಗೊಬ್ಬರ ಪೈರಿಗೆ ಸೇರದೆ ಮಣ್ಣಿನಲ್ಲೇ ಉಳಿಯುತ್ತದೆ. ಮುಂದೆ ಒಂದೇ ರಾತ್ರಿ ಜಡಿಮಳೆ ಸುರಿದರೆ ಆ ಸಾರಜನಕವೆಲ್ಲ ನೈಟ್ರೇಟ್ ಆಗಿ ಹಳ್ಳಕ್ಕೆ, ಕೆರೆಗೆ, ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಅದು ಮೀರಿದ ನೀರಿನಲ್ಲಿ ಪುಡಿ ಹಾಲು ಕಲಸಿ ಎಳೆಗೂಸಿಗೆ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯೇ ಕುಗ್ಗುತ್ತದೆ. ಆಲೂಗಡ್ಡೆಗೆ ಅಂಗಮಾರಿ ಬಂದೀತೆಂದು ಹೊಡೆದ ಔಷಧಿ, ಕಾಫಿಗೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆದ ಬೋರ್ಡೊ ದ್ರಾವಣ, ಶುಂಠಿಗೆ ಹಾಕಿದ ಔಷಧಿ, ಇವುಗಳಲ್ಲೂ ಒಂದು ಪಾಲು ಜಡಿಮಳೆಯೊಡನೆ ಹೋಗುತ್ತದೆ. ಔಷಧಿ ತೊಳೆದುಹೋಯಿತೆಂದು ರೈತ ಮತ್ತೆ ಹೊಡೆಯುತ್ತಾನೆ. ದುಡ್ಡು ಎರಡು ಸಲ ಖರ್ಚು, ನೀರಿಗೆ ಎರಡು ಸಲ ವಿಷ. ನಾನು ರೈತನನ್ನು ದೂರುತ್ತಿಲ್ಲ. ಮಳೆಯ ಮುನ್ಸೂಚನೆ ನೋಡಿ, ಗೊಬ್ಬರವನ್ನು ಒಂದೇ ಸಲ ಹಾಕದೆ ಕಂತಿನಲ್ಲಿ ಹಾಕಿದರೆ ಅವನ ಜೇಬೂ ಉಳಿಯುತ್ತದೆ, ಊರಿನ ಬಾವಿಯೂ ಉಳಿಯುತ್ತದೆ ಎನ್ನುತ್ತಿದ್ದೇನೆ.

ನೀರಿನ ಬಿಸಿಯೂ ಒಂದು ಕಾರಣ. 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕೊಳೆಯನ್ನು ಅರಗಿಸಿಕೊಳ್ಳಲು ನೀರಿಗೆ ಬೇಕಾದದ್ದೇ ಈ ಆಮ್ಲಜನಕ. ತಳದಲ್ಲಿ ಅದು ಮುಗಿದರೆ ಹೂಳಿನಲ್ಲಿ ಕೂತಿದ್ದ ರಂಜಕ, ಕಬ್ಬಿಣ, ಮ್ಯಾಂಗನೀಸ್ ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ರಂಜಕ ಸಿಕ್ಕಿದರೆ ಪಾಚಿ ಹಬ್ಬುತ್ತದೆ. ಬೇಸಿಗೆಯಲ್ಲಿ ಕೆರೆ ಹಸಿರು ಬಣ್ಣ ತಳೆದು ವಾಸನೆ ಬರುವುದರ ಹಿಂದೆ ಇರುವ ರಸಾಯನಶಾಸ್ತ್ರ ಇದು.

ಬೇಲೂರಿನಿಂದ 16 ಕಿಲೋಮೀಟರ್ ಹೋದರೆ ಹಳೇಬೀಡು. ದ್ವಾರಸಮುದ್ರ ಎಂಬ ರಾಜಧಾನಿಯ ಹೆಸರೇ ಕೆರೆಯ ಹೆಸರು. ನಮ್ಮ ಹಿರಿಯರು ಒಂದೊಂದೇ ಕೆರೆ ಕಟ್ಟಲಿಲ್ಲ, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಸಾಲುಗೆರೆ ಕಟ್ಟಿದರು. ಕೋಡಿ ಬಿದ್ದರೆ ನಾವು ಬಾಗಿನ ಬಿಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಕೋಡಿ ಬೀಳುವುದು ಕೆರೆಯ ಸ್ನಾನ. ಕೋಡಿಯಲ್ಲಿ ನೀರಿನ ಜೊತೆ ಒಂದಷ್ಟು ಲವಣವೂ ಕೊಳೆಯೂ ಹೊರಗೆ ಹೋಗುತ್ತವೆ. ವರ್ಷಗಟ್ಟಲೆ ಕೋಡಿ ಬೀಳದ ಕೆರೆಯಲ್ಲಿ ನೀರು ಬಿಸಿಲಿಗೆ ಆವಿಯಾಗುತ್ತದೆ, ಉಳಿದದ್ದೆಲ್ಲ ಅಲ್ಲೇ ಕೂರುತ್ತದೆ. ಮೇಲೆ ಊರಿನ ಚರಂಡಿಯನ್ನೂ ಅದೇ ಕೆರೆಗೆ ತಿರುಗಿಸಿದರೆ ಕೇಳುವುದೇ ಬೇಡ.

ಹಳೇಬೀಡು, ಮಾದಿಹಳ್ಳಿ ಭಾಗದ ಕೆರೆಗಳಿಗೆ ಯಗಚಿ ನೀರು ತರಬೇಕೆಂದು ರಣಘಟ್ಟ ಯೋಜನೆಗಾಗಿ ರೈತರೂ ಮಠಾಧೀಶರೂ ಬೀದಿಗಿಳಿದು ಹೋರಾಡಿದ್ದು ತಮಗೆಲ್ಲ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ ಎತ್ತಿನಹೊಳೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ನೀರು ಬರಲಿ, ಸಂತೋಷ. ಆದರೆ ನೀರು ಬಂದರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿದಾಗ, ಅದರ ಗುಣಮಟ್ಟದ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಎಷ್ಟು ಟಿಎಂಸಿ ಎಂದು ಕೇಳುವ ಬಾಯಿ ಎಷ್ಟು ಮಿಲಿಗ್ರಾಂ ಎಂದೂ ಕೇಳಬೇಕು.

ಹಾಗಾದರೆ ದಾರಿಯೇನು? ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಬಂದಿವೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಅದರಿಂದ ಉಪಕಾರವಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಆರ್‌ಒ ಯಂತ್ರದ ಹಿಂಬದಿಯನ್ನೂ ನೋಡಬೇಕು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 100 ಲೀಟರ್ ನೀರು ಒಳಗೆ ಹೋದರೆ, ಒಟ್ಟು 200 ಮಿಲಿಗ್ರಾಂ ಒಳಗೆ ಹೋಯಿತು. 50 ಲೀಟರ್ ಶುದ್ಧವಾಗಿ ಹೊರಬಂದರೆ, ಉಳಿದ 50 ಲೀಟರಿನಲ್ಲಿ ಹೆಚ್ಚುಕಡಿಮೆ ಆ 200 ಮಿಲಿಗ್ರಾಂ ಪೂರ್ತಿ ಇರುತ್ತದೆ. ಅಂದರೆ ಲೀಟರಿಗೆ ಸುಮಾರು 4 ಮಿಲಿಗ್ರಾಂ. ಅದನ್ನು ಪಕ್ಕದ ಗುಂಡಿಗೆ ಬಿಟ್ಟರೆ ಮತ್ತೆ ಅದೇ ಬೋರಿನ ದಾರಿ ಹಿಡಿಯುತ್ತದೆ. ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರೆ ಕಡೆ ಸರಿಸುತ್ತದೆ. ಆ ನೀರನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿ. ದನಕರುಗಳಿಗೆ ಕುಡಿಸಬೇಡಿ, ಇಂಗುಗುಂಡಿಗೆ ಬಿಡಬೇಡಿ.

ನಿಜವಾದ ಪರಿಹಾರ ಆಕಾಶದಿಂದ ಬೀಳುವ ನೀರಿನಲ್ಲಿದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಠದ, ಶಾಲೆಯ ಚಾವಣಿಯ ಲೆಕ್ಕ ಹಾಕೋಣ. 1000 ಚದರ ಮೀಟರ್ ಚಾವಣಿ, 700 ಮಿಲಿಮೀಟರ್ ಮಳೆ. ಬಿದ್ದದ್ದು 7 ಲಕ್ಷ ಲೀಟರ್. ಶೇಕಡಾ 80 ಹಿಡಿದರೂ 5 ಲಕ್ಷ 60 ಸಾವಿರ ಲೀಟರ್. ಮಳೆ ಮೂರರಲ್ಲೊಂದು ಪಾಲು ಕಡಿಮೆಯಾದ ವರ್ಷವೂ 3 ಲಕ್ಷ 70 ಸಾವಿರ ಲೀಟರ್ ಸಿಗುತ್ತದೆ. 200 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 3 ಲಕ್ಷ 65 ಸಾವಿರ ಲೀಟರ್. ಬರದ ವರ್ಷದಲ್ಲೂ ಸಾಕಾಗುತ್ತದೆ! ಐದು ತಿಂಗಳ ಒಣಗಾಲ ದಾಟಲು ಒಂದೂವರೆ ಲಕ್ಷ ಲೀಟರಿನ ತೊಟ್ಟಿ ಬೇಕು, ಅಂದರೆ 10 ಮೀಟರ್ ಉದ್ದ, 6 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಮರಳಿನ ಸೋಸುಗ ಇಡಬೇಕು, ಕುಡಿಯುವ ಮುನ್ನ ಕ್ಲೋರಿನ್ ಹಾಕಬೇಕು. ಒಂದು ಸಮುದಾಯ ಭವನ ಕಟ್ಟಿಸುವ ಭಕ್ತರಿಗೆ ಇದು ಭಾರವಲ್ಲ.

ಚಾವಣಿಯಲ್ಲಿ ಹಿಡಿದದ್ದು ಕುಡಿಯಲು, ಕೆರೆಯಲ್ಲಿ ನಿಂತದ್ದು ನೆಲಕ್ಕೆ. ಹೂಳೆತ್ತಿ, ಕೆರೆಗೆ ನೀರು ತರುವ ಹಳ್ಳಗಳ ಒತ್ತುವರಿ ಬಿಡಿಸಿ, ಚರಂಡಿ ತಪ್ಪಿಸಿದ ಕೆರೆ ಸುತ್ತಲಿನ ಬಾವಿಗಳ ನೀರನ್ನು ತೆಳುಮಾಡುತ್ತದೆ. 2 ಮಿಲಿಗ್ರಾಂ ಇರುವ ನೀರಿಗೆ ಅಷ್ಟೇ ಮಳೆನೀರು ಬೆರೆತರೆ 1 ಮಿಲಿಗ್ರಾಂ. ಇದು ಕಾಗದದ ಲೆಕ್ಕ. ನೆಲದೊಳಗೆ ಇಷ್ಟು ಸರಾಗವಾಗಿ ನಡೆಯುವುದಿಲ್ಲ. ದೀರ್ಘ ಒಣಗಾಲದ ನಂತರ ಮೊದಲು ಇಳಿಯುವ ನೀರು ಮಣ್ಣಿನಲ್ಲಿ ಕೂತ ಲವಣವನ್ನೂ ಹೊತ್ತು ತರಬಹುದು, ಆಗ ಪ್ರಮಾಣ ಸ್ವಲ್ಪ ಏರಲೂಬಹುದು. ಅದಕ್ಕೇ ಅಳೆಯದೆ ನಂಬಬಾರದು ಎನ್ನುವುದು.

ಕೊನೆಯದಾಗಿ ಒಂದು ಬಿನ್ನಹ. ಪೂಜ್ಯರ ಎದುರಿಗೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬಾರದು. ಈ ಕೆಲಸ ಮಠಗಳಿಂದಲೇ ಶುರುವಾಗಲಿ. ದಾಸೋಹದ ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತೇವೆ, ಬೇಳೆಯ ಹುಳು ನೋಡುತ್ತೇವೆ. ಅದೇ ಪಾತ್ರೆಗೆ ಸುರಿಯುವ ನೀರನ್ನು ಯಾರು ನೋಡಿದ್ದಾರೆ? ಪ್ರತಿ ಮಠವೂ ತನ್ನ ಬೋರಿನ ನೀರನ್ನು ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಲಿ, ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಡಿಸೆಂಬರಿನಲ್ಲಿ ಒಮ್ಮೆ. ಬೋರನ್ನು ಹತ್ತು ನಿಮಿಷ ಓಡಿಸಿ, ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿ, ತಾರೀಖು ಬರೆದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳಿ.

ಬಂದ ಅಂಕಿಯನ್ನು ಕಡತದಲ್ಲಿ ಇಡಬೇಡಿ. ದಾಸೋಹದ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ: ಫ್ಲೋರೈಡ್ ಇಷ್ಟು, ನೈಟ್ರೇಟ್ ಇಷ್ಟು, ಪರೀಕ್ಷಿಸಿದ ದಿನ ಇಂಥದ್ದು. ಹೆಚ್ಚಿದ್ದರೂ ಬರೆಸಿ. ಭಕ್ತರು ಓದಿ ತಮ್ಮ ಮನೆಯ ಬೋರಿನ ಬಗ್ಗೆ ಯೋಚಿಸುತ್ತಾರೆ. ಹಣ ಇರುವವರು ಕ್ಯಾನ್ ನೀರು ತರಿಸಿಕೊಳ್ಳುತ್ತಾರೆ, ಕೂಲಿಯವರು ಹೊಲದ ಬೋರಿಗೇ ಬಾಯಿ ಹಚ್ಚುತ್ತಾರೆ. ಅವರಿಗೂ ಅಂಕಿ ಗೊತ್ತಾಗುವ ಹಕ್ಕಿದೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇಂದು ಆ ಕಾಯಕಕ್ಕೆ ಸಲಿಕೆಯ ಜೊತೆಗೆ ಒಂದು ಬಾಟಲಿಯೂ ಬೇಕಾಗಿದೆ. ಬರುವ ಮೇ ತಿಂಗಳಲ್ಲಿ ಮೊದಲ ಬಾಟಲಿ ಈ ಮಠದ ಬೋರಿನಿಂದಲೇ ತುಂಬಲಿ, ಎರಡನೆಯದು ವಿದ್ಯಾರ್ಥಿ ನಿಲಯದಿಂದ. ತುಂಬಿಸುವ ಕೆಲಸವನ್ನು ವಿಜ್ಞಾನ ಓದುವ ಮಕ್ಕಳೇ ಮಾಡಲಿ.